ವೇಡ್ ಹ್ಯಾಂಪ್ಟನ್ ಮನೆತನ: ಪದೇ ಪದೇ ಕೇಳುವ ಪ್ರಶ್ನೆಗಳು

ನದಿ ಮೂಲ, ಋಷಿ ಮೂಲ ಹುಡುಕಬಾರದು ಎನ್ನುತ್ತಾರೆ. ಸಿರಿವಂತ ಮನೆತನಗಳ ಮೂಲವನ್ನಾದರೂ ಹುಡುಕಲೇಬೇಕು ಎಂದು ನನಗೆ ಅನ್ನಿಸುತ್ತದೆ. ಅಮೆರಿಕದ ದಕ್ಷಿಣ ಕ್ಯಾರೊಲೈನಾದ ಹ್ಯಾಂಪ್ಟನ್ ಮನೆತನ ಅಂಥದ್ದೊಂದು. ಆ ದೇಶದ ಸ್ವಾತಂತ್ರ್ಯ ಸಮರ, ಬ್ರಿಟನ್ ವಿರುದ್ಧದ 1812ರ ಯುದ್ಧ, ಅಂತರ್ಯುದ್ಧ, ಮೂರರಲ್ಲೂ ಈ ಹೆಸರು ಬರುತ್ತದೆ. ಓದುವವರಿಗೆ ಗೊಂದಲವಾಗುವುದು ಸಹಜ. ಸಾಮಾನ್ಯವಾಗಿ ಎದುರಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ವೇಡ್ ಹ್ಯಾಂಪ್ಟನ್ ಒಬ್ಬನೋ, ಹಲವರೋ?

ಇತಿಹಾಸದಲ್ಲಿ ಮುಖ್ಯವಾದವರು ಮೂವರು: ಅಜ್ಜ, ಮಗ, ಮೊಮ್ಮಗ. ಅಜ್ಜನು ಹುಟ್ಟಿದ್ದು 1750ರ ದಶಕದ ಆರಂಭದಲ್ಲಿ, ವರ್ಜೀನಿಯಾದಲ್ಲಿ. ತೀರಿಕೊಂಡದ್ದು 1835ರ ಫೆಬ್ರವರಿ 4ರಂದು, ದಕ್ಷಿಣ ಕ್ಯಾರೊಲೈನಾದ ರಾಜಧಾನಿ ಕೊಲಂಬಿಯಾ ನಗರದಲ್ಲಿ. ಸೈನಿಕ, ಪ್ಲಾಂಟರ್, ಶಾಸಕ ಎಂದು ಪುಸ್ತಕಗಳು ಕರೆಯುವುದು ಈತನನ್ನೇ. ಮಗ ಎರಡನೇ ವೇಡ್ (1791–1858) ಕುದುರೆಗಳಿಗೂ ಅತಿಥಿಸತ್ಕಾರಕ್ಕೂ ಹೆಸರಾದವನು. ಮೊಮ್ಮಗ ಮೂರನೇ ವೇಡ್ (1818–1902) ಅಂತರ್ಯುದ್ಧದಲ್ಲಿ, ದೇಶದಿಂದ ಬೇರೆಯಾದ ದಕ್ಷಿಣದ ರಾಜ್ಯಗಳ ಒಕ್ಕೂಟದ ಅಶ್ವದಳದ ಸೇನಾನಿ, ಆಮೇಲೆ ರಾಜ್ಯಪಾಲ, ಸೆನೆಟರ್. ಕುದುರೆಯ ಮೇಲೆ ಕುಳಿತ ವೇಡ್ ಹ್ಯಾಂಪ್ಟನ್ ಪ್ರತಿಮೆಯನ್ನು ಎಲ್ಲಾದರೂ ಕಂಡರೆ ಅದು ಮೊಮ್ಮಗನದು. ಲೂಸಿಯಾನಾದ ಹೌಮಸ್ ಎಂಬ ಕಬ್ಬಿನ ತೋಟದ ಕಥೆ ಕೇಳಿದರೆ ಅದು ಅಜ್ಜನದು.

ಪ್ಲಾಂಟರ್ ಎಂದರೆ ನಮ್ಮ ಕಾಫಿ ಪ್ಲಾಂಟರ್‌ಗಳಂತೆಯೇ?

ಕೊಡಗು, ಚಿಕ್ಕಮಗಳೂರಿನ ಓದುಗರು ಈ ಪದವನ್ನು ಕೇಳಿದೊಡನೆ ತೋಟದ ಒಡೆಯ ಎಂದುಕೊಳ್ಳುತ್ತಾರೆ. ಅಮೆರಿಕದ ದಕ್ಷಿಣ ಭಾಗದಲ್ಲಿ ಅರ್ಥ ಬೇರೆ. ಅಲ್ಲಿನ ಇತಿಹಾಸಕಾರರು ಸಾಮಾನ್ಯವಾಗಿ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಗುಲಾಮರನ್ನು ಇಟ್ಟುಕೊಂಡಿದ್ದವನನ್ನು ಪ್ಲಾಂಟರ್ ಎನ್ನುತ್ತಾರೆ. ಅಳತೆ ಎಕರೆಯದಲ್ಲ, ಮನುಷ್ಯರದು. ಮುಂದಿನ ಉತ್ತರಗಳನ್ನು ಓದುವಾಗ ಇದು ನೆನಪಿರಲಿ.

ಕುಟುಂಬ ದಕ್ಷಿಣ ಕ್ಯಾರೊಲೈನಾಕ್ಕೆ ಬಂದದ್ದು ಹೇಗೆ? 1776ರಲ್ಲಿ ಏನಾಯಿತು?

ಮೊದಲನೇ ವೇಡ್‌ನ ತಂದೆ ಆಂಥೊನಿ ಹ್ಯಾಂಪ್ಟನ್, ತಾಯಿ ಎಲಿಜಬೆತ್ ಪ್ರೆಸ್ಟನ್. ಹ್ಯಾಂಪ್ಟನ್‌ರು ವರ್ಜೀನಿಯಾದಿಂದ ಹೊರಟು, ದಕ್ಷಿಣ ಕ್ಯಾರೊಲೈನಾದ ವಾಯವ್ಯ ಮೂಲೆಯಲ್ಲಿ, ಟೈಗರ್ ನದಿಯ ಆಸುಪಾಸಿನಲ್ಲಿ ನೆಲೆಯೂರಿದರು. ಅದು 1770ರ ದಶಕ. ಆಗ ಆ ಸೀಮೆಯ ಆಚೆಗೆ ಚೆರೋಕೀ ಎಂಬ ಮೂಲನಿವಾಸಿ ಜನರ ನಾಡು. ಈಚೆಗೆ, ದಿನದಿನವೂ ಒತ್ತರಿಸಿಕೊಂಡು ಬರುತ್ತಿದ್ದ ಬಿಳಿಯರ ಗುಡಿಸಲುಗಳು.

1776ರ ಜುಲೈ ಮೊದಲ ದಿನಗಳಲ್ಲಿ ಚೆರೋಕೀ ಯೋಧರು ಗಡಿಯುದ್ದಕ್ಕೂ ದಾಳಿ ಮಾಡಿದರು. ಹ್ಯಾಂಪ್ಟನ್‌ರ ಮನೆಯಲ್ಲಿ ಆಂಥೊನಿ, ಎಲಿಜಬೆತ್, ಮಗ ಪ್ರೆಸ್ಟನ್ ಮತ್ತು ಒಂದು ಹಸುಗೂಸು ಸತ್ತರು. ವೇಡ್ ಆಗ ಮನೆಯಲ್ಲಿರಲಿಲ್ಲ. ಫಿಲಡೆಲ್ಫಿಯಾದಲ್ಲಿ ಸ್ವಾತಂತ್ರ್ಯದ ಘೋಷಣೆ ಸಿದ್ಧವಾಗುತ್ತಿದ್ದ ವಾರವದು.

ಮನೆತನದ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಂದಲೇ ಶುರು ಮಾಡುತ್ತಾರೆ, ಏಕೆಂದರೆ ಇಲ್ಲಿ ಹ್ಯಾಂಪ್ಟನ್‌ರು ನೊಂದವರು. ಆ ನೋವು ನಿಜ, ಕೂಸಿನ ಸಾವನ್ನು ಯಾವ ನ್ಯಾಯವೂ ಸಮರ್ಥಿಸಲಾರದು. ಆದರೆ ದಾಳಿಯ ಹಿಂದೆ ವರ್ಷಗಳ ಒತ್ತುವರಿ ಇತ್ತು. 1775ರಲ್ಲಿ ಸಿಕಮೋರ್ ಶೋಲ್ಸ್ ಎಂಬಲ್ಲಿ ಬಿಳಿಯ ವ್ಯಾಪಾರಿಗಳು ಚೆರೋಕೀಗಳಿಂದ ಭಾರಿ ಪ್ರಮಾಣದ ಭೂಮಿಯನ್ನು ಬರೆಸಿಕೊಂಡಿದ್ದರು. ಡ್ರ್ಯಾಗಿಂಗ್ ಕನೂ ಎಂಬ ಯುವ ನಾಯಕ ಅದನ್ನು ಖಂಡಾತುಂಡವಾಗಿ ವಿರೋಧಿಸಿದ್ದ. ದಾಳಿಗೆ ಪ್ರತಿಯಾಗಿ ವಸಾಹತುಗಳ ಸೇನೆಗಳು ಚೆರೋಕೀ ಊರುಗಳನ್ನು, ನಿಂತ ಬೆಳೆಯನ್ನು ಸುಟ್ಟವು. 1777ರ ಒಪ್ಪಂದದಲ್ಲಿ ದಕ್ಷಿಣ ಕ್ಯಾರೊಲೈನಾದ ತಮ್ಮ ನೆಲದ ಬಹುಪಾಲನ್ನು ಆ ಜನ ಕಳೆದುಕೊಂಡರು.

ಸೈನಿಕನಾಗಿ ಮೊದಲನೇ ವೇಡ್ ಬ್ರಿಟಿಷರ ಪರ ನಿಂತದ್ದೂ ಉಂಟಂತೆ, ನಿಜವೇ?

ನಿಜ. 1780ರ ಮೇ 12ರಂದು ಚಾರ್ಲ್ಸ್‌ಟನ್ ಬ್ರಿಟಿಷರ ಕೈಸೇರಿತು. ಆಗ ಆ ಪ್ರಾಂತ್ಯದ ಅನೇಕರಂತೆ ವೇಡ್ ಕೂಡ ಬ್ರಿಟಿಷ್ ದೊರೆಗೆ ನಿಷ್ಠೆ ಒಪ್ಪಿಕೊಂಡ. 1781ರಲ್ಲಿ ಮತ್ತೆ ದಂಗೆಯ ಪಾಳೆಯಕ್ಕೆ ಮರಳಿ, ಥಾಮಸ್ ಸಮ್ಟರ್‌ನ ಪಡೆಯಲ್ಲಿ ಅಶ್ವದಳದ ಅಧಿಕಾರಿಯಾದ. ಅದೇ ವರ್ಷದ ಸೆಪ್ಟೆಂಬರ್ 8ರ ಯೂಟಾ ಸ್ಪ್ರಿಂಗ್ಸ್ ಕಾಳಗದಲ್ಲಿ ಮೇಲಧಿಕಾರಿ ಗಾಯಗೊಂಡಾಗ ರಾಜ್ಯದ ತುಕಡಿಗಳ ನಾಯಕತ್ವ ವಹಿಸಿಕೊಂಡ. ಧೈರ್ಯದಲ್ಲಿ ಕೊರತೆಯಿರಲಿಲ್ಲ.

ಈ ಅಧ್ಯಾಯದಲ್ಲಿ ನನ್ನನ್ನು ತಡೆದು ನಿಲ್ಲಿಸುವ ಸಂಗತಿ ಬೇರೆ. ಸಮ್ಟರ್ ತನ್ನ ಸೈನಿಕರಿಗೆ ಕೊಡಲು ಹಣವಿಲ್ಲದೆ, ಬ್ರಿಟಿಷ್ ಪರವಾದವರ ತೋಟಗಳಿಂದ ವಶಪಡಿಸಿಕೊಂಡ ಗುಲಾಮರನ್ನೇ ಸಂಬಳವಾಗಿ ಹಂಚುವ ಏರ್ಪಾಡು ಮಾಡಿದ. ಇದಕ್ಕೆ ‘ಸಮ್ಟರ್ ಕಾನೂನು’ ಎಂದೇ ಹೆಸರು. ಸ್ವಾತಂತ್ರ್ಯಕ್ಕಾಗಿ ಹೋರಾಡಿದವನಿಗೆ ಕೂಲಿಯಾಗಿ ಸಿಕ್ಕಿದ್ದು ಇನ್ನೊಬ್ಬ ಮನುಷ್ಯ.

ಈ ಯುದ್ಧಕ್ಕೂ ನಮ್ಮ ಮೈಸೂರಿಗೂ ಏನಾದರೂ ನಂಟಿದೆಯೇ?

ಇದೆ. 1780ರಲ್ಲಿ ಕ್ಯಾರೊಲೈನಾಗಳಲ್ಲಿ ಬ್ರಿಟಿಷ್ ಸೇನೆಯನ್ನು ನಡೆಸಿದವನು ಲಾರ್ಡ್ ಕಾರ್ನ್‌ವಾಲಿಸ್. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಶರಣಾದ ಅದೇ ಮನುಷ್ಯ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದು, 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಳಾಗಿ ಪಡೆದ. ಅಮೆರಿಕದ ಬಂಡಾಯಗಾರರಿಗೂ ಮೈಸೂರಿನ ಹೆಸರು ಗೊತ್ತಿತ್ತು: 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಹಡಗಿಗೆ ‘ಹೈದರ್ ಅಲಿ’ ಎಂದು ಹೆಸರಿಟ್ಟಿದ್ದರು.

ಅಷ್ಟು ದೊಡ್ಡ ಆಸ್ತಿ ಎಲ್ಲಿಂದ ಬಂತು?

ಮೂರು ದಾರಿಗಳಿಂದ: ಮದುವೆ, ಭೂವ್ಯವಹಾರ, ಹತ್ತಿ.

ಯುದ್ಧ ಮುಗಿದ 1783ರಲ್ಲಿ ಮೊದಲನೇ ವೇಡ್ ಮಾರ್ಥಾ ಹೊವೆಲ್ ಎಂಬ ವಿಧವೆಯನ್ನು ಮದುವೆಯಾದ. ಆಕೆಯಿಂದ ಕಾಂಗರೀ ನದಿಯ ಬಯಲಿನ ಫಲವತ್ತಾದ ಭೂಮಿ ಕೈಗೆ ಬಂತು. ಮರುವರ್ಷವೇ ಆಕೆ ತೀರಿಕೊಂಡಳು. ಮುಂದೆ ಭೂಮಿಯ ಸಟ್ಟಾ ವ್ಯಾಪಾರ. 1795ರಲ್ಲಿ ಜಾರ್ಜಿಯಾದ ಶಾಸಕರಿಗೆ ಲಂಚ ತಿನ್ನಿಸಿ ಪಶ್ಚಿಮದ ಲಕ್ಷಾಂತರ ಎಕರೆಗಳನ್ನು ಕವಡೆ ಕಾಸಿಗೆ ಬರೆಸಿಕೊಂಡ ಯಾಜೂ ಹಗರಣದ ಕಂಪನಿಗಳಲ್ಲಿ ಆತನ ಹೆಸರೂ ಇದೆ.

ಆದರೆ ಮನೆತನವನ್ನು ಮೇಲೆತ್ತಿದ್ದು ಹತ್ತಿ. ಒಳನಾಡಿನಲ್ಲಿ ಬೆಳೆಯುವ ಗಿಡ್ಡ ಎಳೆಯ ಹತ್ತಿಯಲ್ಲಿ ಬೀಜ ಅಂಟಿಕೊಂಡಿರುತ್ತದೆ. ಕೈಯಿಂದ ಬಿಡಿಸಲು ಕೂತರೆ ಇಡೀ ದಿನ ಕಳೆದರೂ ಒಂದು ಹಿಡಿ ಅರಳೆ. 1793ರಲ್ಲಿ ಎಲೀ ವಿಟ್ನಿಯ ಜಿನ್ನಿಂಗ್ ಯಂತ್ರ ಬಂತು. ಅದನ್ನು ನೀರಿನ ಬಲದಿಂದ ತಿರುಗಿಸಿ ದೊಡ್ಡ ಪ್ರಮಾಣದಲ್ಲಿ ಹತ್ತಿ ಬೆಳೆದ ಮೊದಲಿಗರಲ್ಲಿ ಹ್ಯಾಂಪ್ಟನ್ ಒಬ್ಬ. ಯಂತ್ರ ಬೀಜ ಬಿಡಿಸಿತು, ಆದರೆ ಬಿತ್ತುವ, ಕಳೆ ಕೀಳುವ, ಬಿಡಿಸುವ ಕೈಗಳು ಇನ್ನಷ್ಟು ಬೇಕಾದವು. ಹೊರದೇಶದಿಂದ ಗುಲಾಮರನ್ನು ತರುವುದನ್ನು ನಿಲ್ಲಿಸಿದ್ದ ದಕ್ಷಿಣ ಕ್ಯಾರೊಲೈನಾ, ಈ ಹಸಿವಿಗಾಗಿಯೇ 1803ರಲ್ಲಿ ಬಂದರನ್ನು ಮತ್ತೆ ತೆರೆಯಿತು. 1808ರಲ್ಲಿ ಇಡೀ ದೇಶದ ನಿಷೇಧ ಬರುವವರೆಗೂ ಚಾರ್ಲ್ಸ್‌ಟನ್‌ಗೆ ಆಫ್ರಿಕದಿಂದ ಹಡಗುಗಳು ಬರುತ್ತಲೇ ಇದ್ದವು.

1835ರಲ್ಲಿ ಕಣ್ಣು ಮುಚ್ಚಿದಾಗ ಆತನನ್ನು ದೇಶದ ಅತಿ ಶ್ರೀಮಂತ ಪ್ಲಾಂಟರ್ ಎನ್ನುತ್ತಿದ್ದರು. ಸುಮಾರು 3,000 ಗುಲಾಮರಿದ್ದರು ಎಂಬುದು ಆ ಕಾಲದ ಮಾತು.

ಶಾಸಕನಾಗಿ ಆತನ ಕೆಲಸವೇನು?

ರಾಜ್ಯದ ಶಾಸನಸಭೆಯಲ್ಲಿ ಹಲವು ಅವಧಿ, ಅಮೆರಿಕದ ಪ್ರತಿನಿಧಿಗಳ ಸಭೆಯಲ್ಲಿ ಎರಡು ಅವಧಿ (1795–97 ಮತ್ತು 1803–05). 1788ರಲ್ಲಿ ಹೊಸ ಸಂವಿಧಾನವನ್ನು ಅಂಗೀಕರಿಸಲು ಸೇರಿದ ರಾಜ್ಯದ ಸಮಾವೇಶದಲ್ಲಿ ಆತ ವಿರುದ್ಧವಾಗಿ ಮತ ಹಾಕಿದ. ಆತನ ಹೆಸರಿಗೆ ಅಂಟಿಕೊಂಡ ದೊಡ್ಡ ಮಸೂದೆಯಾಗಲಿ ಭಾಷಣವಾಗಲಿ ಇಲ್ಲ. ಪ್ರತಿನಿಧಿಗಳ ಸಂಖ್ಯೆ ನಿಗದಿಯಾಗುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸುವ ನಿಯಮ ಆಗ ಇತ್ತು. ಮತವಿಲ್ಲದವರ ತಲೆ ಎಣಿಸಿ ಅವರ ಒಡೆಯರಿಗೆ ಹೆಚ್ಚಿನ ಪೀಠಗಳು ಸಿಗುತ್ತಿದ್ದವು.

1811ರ ಲೂಸಿಯಾನಾ ದಂಗೆಗೂ ಆತನಿಗೂ ಏನು ಸಂಬಂಧ?

1808ರಲ್ಲಿ ಮತ್ತೆ ಸೇನೆಗೆ ಸೇರಿದ ಹ್ಯಾಂಪ್ಟನ್ 1809ರಲ್ಲಿ ಬ್ರಿಗೇಡಿಯರ್ ಜನರಲ್ ಆಗಿ ನ್ಯೂ ಆರ್ಲಿಯನ್ಸ್ ಸೀಮೆಗೆ ನೇಮಕಗೊಂಡ. 1811ರ ಜನವರಿ 8ರ ರಾತ್ರಿ ಮಿಸಿಸಿಪಿ ನದಿಯ ದಡದ ಜರ್ಮನ್ ಕೋಸ್ಟ್ ಎಂಬ ಭಾಗದಲ್ಲಿ, ಕಬ್ಬಿನ ತೋಟಗಳ ಗುಲಾಮರು ಚಾರ್ಲ್ಸ್ ಡೆಲಾಂಡ್ ಎಂಬಾತನ ನಾಯಕತ್ವದಲ್ಲಿ ಎದ್ದರು. ಕಬ್ಬು ಕಡಿಯುವ ಕತ್ತಿ, ಕೊಡಲಿ, ಕೆಲವು ಬಂದೂಕು ಹಿಡಿದು ನೂರಾರು ಮಂದಿ ನದಿಯ ದಾರಿಯಲ್ಲಿ ನ್ಯೂ ಆರ್ಲಿಯನ್ಸ್‌ನತ್ತ ನಡೆದರು. ಅಮೆರಿಕದ ಇತಿಹಾಸದ ಅತಿ ದೊಡ್ಡ ಗುಲಾಮ ದಂಗೆ ಇದೇ ಎನ್ನುತ್ತಾರೆ. ಎದುರಿಸಲು ಹೊರಟ ಸರ್ಕಾರಿ ಪಡೆಯ ಮುಖ್ಯಸ್ಥ ಹ್ಯಾಂಪ್ಟನ್. 10ನೇ ತಾರೀಖು ತೋಟದ ಒಡೆಯರ ಪಡೆಗಳು ದಂಗೆಕೋರರನ್ನು ಸದೆಬಡಿದವು. ಕಾಳಗದಲ್ಲೂ ಆಮೇಲಿನ ವಿಚಾರಣೆಯ ಹೆಸರಿನ ಕೊಲೆಗಳಲ್ಲೂ ಸೇರಿ ಸುಮಾರು 95 ಜನ ಸತ್ತರು. ಅವರ ತಲೆಗಳನ್ನು ಕೋಲುಗಳಿಗೆ ಸಿಕ್ಕಿಸಿ ನದಿಯ ಏರಿಯುದ್ದಕ್ಕೂ ನಿಲ್ಲಿಸಿದರು.

ಅದೇ ಹೊತ್ತಿಗೆ ಹ್ಯಾಂಪ್ಟನ್ ಅದೇ ನದಿಯ ದಡದಲ್ಲಿ ಹೌಮಸ್ ಎಂಬ ವಿಶಾಲ ಭೂಮಿಯನ್ನು ಕೊಂಡು ಕಬ್ಬಿನ ಬೇಸಾಯಕ್ಕೆ ಇಳಿದ. ಹೆಸರು ಹೌಮಾ ಎಂಬ ಮೂಲನಿವಾಸಿ ಜನರದು, ನೆಲವೂ ಹಿಂದೆ ಅವರದೇ.

1812ರ ಯುದ್ಧದಲ್ಲಿ ಸೋತದ್ದು ಈತನೇ ಅಲ್ಲವೇ?

ಹೌದು. 1813ರ ಅಕ್ಟೋಬರ್ 26ರಂದು, ಬ್ರಿಟಿಷರ ವಶದಲ್ಲಿದ್ದ ಕೆನಡಾದ ಮಾಂಟ್ರಿಯಲ್ ಹಿಡಿಯಲು ಹೊರಟ ಆತನ ಸುಮಾರು 4,000 ಜನರ ಸೇನೆಯನ್ನು, ಶಾಟೊಗೆ ನದಿಯ ಬಳಿ ಚಾರ್ಲ್ಸ್ ಡಿ ಸಾಲಬೆರಿಯ ಪುಟ್ಟ ಕೆನಡಾ ಪಡೆ ಹಿಮ್ಮೆಟ್ಟಿಸಿತು. ಸಹಸೇನಾನಿ ಜೇಮ್ಸ್ ವಿಲ್ಕಿನ್ಸನ್‌ನನ್ನು ಕಂಡರೆ ಆತನಿಗೆ ಆಗುತ್ತಿರಲಿಲ್ಲ; ಇಬ್ಬರೂ ಕೂಡಿ ನಡೆಸಬೇಕಿದ್ದ ದಂಡಯಾತ್ರೆ ಹಾಳಾಯಿತು. 1814ರಲ್ಲಿ ರಾಜೀನಾಮೆ ಕೊಟ್ಟು ತೋಟಗಳಿಗೆ ಮರಳಿದ.

ಎಷ್ಟು ಮದುವೆ? ಮಕ್ಕಳು ಯಾರು?

ಮೂರು ಮದುವೆ. ಮಾರ್ಥಾಳ ನಂತರ 1786ರಲ್ಲಿ ಹ್ಯಾರಿಯೆಟ್ ಫ್ಲಡ್. ಎರಡನೇ ವೇಡ್ ಆಕೆಯ ಮಗ. ಆಕೆ 1794ರಲ್ಲಿ ತೀರಿಕೊಂಡ ಮೇಲೆ 1801ರಲ್ಲಿ ಮೇರಿ ಕ್ಯಾಂಟಿ. ಮೇರಿ ಗಂಡನಿಗಿಂತ 28 ವರ್ಷ ಹೆಚ್ಚು ಬಾಳಿ 1863ರಲ್ಲಿ ಹೋದಳು. ಆಕೆಯ ಮಗಳು ಕ್ಯಾರೊಲೈನ್, ಜಾನ್ ಪ್ರೆಸ್ಟನ್‌ನನ್ನು ಮದುವೆಯಾಗಿ ಹೌಮಸ್ ತೋಟವನ್ನು ಆ ಕಡೆಗೆ ಒಯ್ದಳು. ಇನ್ನೊಬ್ಬ ಮಗಳು ಸೂಸನ್, ಮುಂದೆ ರಾಜ್ಯಪಾಲನಾದ ಜಾನ್ ಮ್ಯಾನಿಂಗ್‌ನನ್ನು ಮದುವೆಯಾದಳು. ಅವರು ಕಟ್ಟಿಸಿದ ಮಿಲ್‌ಫರ್ಡ್ ಬಂಗಲೆ ಇವತ್ತಿಗೂ ಇದೆ.

ಮುದುಕ ವೇಡ್ ಉಯಿಲಿನಲ್ಲಿ ಎಲ್ಲವನ್ನೂ ಮಗನಿಗೇ ಬರೆದಿದ್ದ, ಮಗ ಅದನ್ನು ಬದಿಗಿಟ್ಟು ಮಲತಾಯಿಗೂ ಮಲತಂಗಿಯರಿಗೂ ಪಾಲು ಕೊಟ್ಟ ಎಂಬುದು ಮನೆತನದಲ್ಲಿ ನಡೆದುಬಂದ ಕಥೆ. ಸ್ವಂತ ಕಣ್ಣೆದುರಿನವರ ವಿಷಯದಲ್ಲಿ ಅಷ್ಟು ಧಾರಾಳಿಯಾದವನಿಗೆ, ಆ ಪಾಲಿನ ಪಟ್ಟಿಯಲ್ಲಿ ಹಂಚಿಹೋದ ಗುಲಾಮ ತಾಯಿ ಮಕ್ಕಳು ಕಾಣಲಿಲ್ಲ.

ಎರಡನೇ ವೇಡ್‌ನ ಹೆಣ್ಣುಮಕ್ಕಳ ವಿಷಯವನ್ನು ಏಕೆ ಮುಚ್ಚಿಡುತ್ತಿದ್ದರು?

ಎರಡನೇ ವೇಡ್ 1815ರ ನ್ಯೂ ಆರ್ಲಿಯನ್ಸ್ ಕಾಳಗದಲ್ಲಿ ಆಂಡ್ರ್ಯೂ ಜ್ಯಾಕ್ಸನ್‌ನ ಸಹಾಯಕನಾಗಿದ್ದು, ಗೆಲುವಿನ ಸುದ್ದಿಯನ್ನು ವಾಷಿಂಗ್ಟನ್‌ಗೆ ಹೊತ್ತೊಯ್ದವನು. ಕೊಲಂಬಿಯಾದ ಹತ್ತಿರ ಮಿಲ್‌ವುಡ್ ಎಂಬ ಆತನ ಮನೆ ಅತಿಥಿಗಳಿಲ್ಲದೆ ಇರುತ್ತಿರಲಿಲ್ಲ. ಹೆಂಡತಿ ಆನ್ ಫಿಟ್ಸ್‌ಸಿಮನ್ಸ್. ಆಕೆಯ ತಂಗಿಯ ಗಂಡ ಜೇಮ್ಸ್ ಹೆನ್ರಿ ಹ್ಯಾಮಂಡ್, ದಕ್ಷಿಣ ಕ್ಯಾರೊಲೈನಾದ ರಾಜ್ಯಪಾಲ.

ಈ ಹ್ಯಾಮಂಡ್ ತನ್ನ ಹೆಂಡತಿಯ ಅಕ್ಕನ ನಾಲ್ವರು ಎಳೆಯ ಹೆಣ್ಣುಮಕ್ಕಳೊಂದಿಗೆ ಎರಡು ವರ್ಷ ನೀಚವಾಗಿ ನಡೆದುಕೊಂಡ. ಅದು 1843ರಲ್ಲಿ ಹೊರಬಿತ್ತು. ತನ್ನ ದಿನಚರಿಯಲ್ಲಿ ಆತನೇ ಬರೆದಿಟ್ಟಿದ್ದಾನೆ, ತಪ್ಪನ್ನು ಆ ಹುಡುಗಿಯರ ಮೇಲೆಯೇ ಹೊರಿಸಿ. ಕೆಲವು ವರ್ಷ ರಾಜಕೀಯದಿಂದ ದೂರವಿದ್ದ ಆತ 1857ರಲ್ಲಿ ಅಮೆರಿಕದ ಸೆನೆಟರ್ ಆದ. ನಾಲ್ವರು ಅಕ್ಕತಂಗಿಯರಲ್ಲಿ ಯಾರಿಗೂ ಮದುವೆಯಾಗಲಿಲ್ಲ. ಊರ ಬಾಯಿಗೆ ಹೆದರಿ ಹುಡುಗಿಯರನ್ನೇ ಮನೆಯೊಳಗೆ ಕೂರಿಸುವ ಪದ್ಧತಿ ನಮಗೆ ಹೊಸದೇನಲ್ಲ. ಇವರನ್ನು ಇಲ್ಲಿಗೇ ಬಿಡಬೇಡಿ, ಮುಂದೆ ಮತ್ತೆ ಬರುತ್ತಾರೆ.

ಮೂರನೇ ವೇಡ್ ವೀರನೋ, ಖಳನೋ?

ನಡೆದದ್ದನ್ನು ಹೇಳುತ್ತೇನೆ. 1861ರಲ್ಲಿ ಸ್ವಂತ ಹಣದಿಂದ ‘ಹ್ಯಾಂಪ್ಟನ್ ಲೀಜನ್’ ಎಂಬ ಪಡೆ ಕಟ್ಟಿದ. ಸೈನಿಕ ಶಿಕ್ಷಣವೇ ಇಲ್ಲದೆ ದಕ್ಷಿಣದ ಸೇನೆಯಲ್ಲಿ ಲೆಫ್ಟಿನೆಂಟ್ ಜನರಲ್ ಪದವಿಗೆ ಏರಿದ ಮೂವರಲ್ಲಿ ಒಬ್ಬನಾದ. ತಮ್ಮ ಫ್ರ್ಯಾಂಕ್ 1863ರ ಜೂನ್ 9ರಂದು ಬ್ರ್ಯಾಂಡಿ ಸ್ಟೇಷನ್ ಕಾಳಗದಲ್ಲಿ ಸತ್ತ. ಮಗ ಪ್ರೆಸ್ಟನ್ 1864ರ ಅಕ್ಟೋಬರ್ 27ರಂದು ತಂದೆ ನೋಡುತ್ತಿದ್ದಂತೆ ಗುಂಡೇಟಿಗೆ ಬಿದ್ದ. ಅವನತ್ತ ಧಾವಿಸಿದ ಇನ್ನೊಬ್ಬ ಮಗನೂ ಗಾಯಗೊಂಡ.  1865ರ ಫೆಬ್ರವರಿಯಲ್ಲಿ ಮಿಲ್‌ವುಡ್ ಸುಟ್ಟುಹೋಯಿತು, 1868ರಲ್ಲಿ ಮೂರನೇ ವೇಡ್ ದಿವಾಳಿಯಾದ.

ಆಮೇಲಿನದೇ ಹೆಚ್ಚು ಮುಖ್ಯ. ಅಂತರ್ಯುದ್ಧದ ನಂತರ ದಕ್ಷಿಣ ಕ್ಯಾರೊಲೈನಾದಲ್ಲಿ ಕಪ್ಪು ಜನ ಮತ ಹಾಕಿದರು, ಶಾಸನಸಭೆಯಲ್ಲಿ ಕುಳಿತರು. 1876ರ ಚುನಾವಣೆಯಲ್ಲಿ ಹ್ಯಾಂಪ್ಟನ್ ರಾಜ್ಯಪಾಲ ಸ್ಥಾನಕ್ಕೆ ನಿಂತಾಗ, ‘ಕೆಂಪಂಗಿ’ಗಳೆಂಬ ಶಸ್ತ್ರಧಾರಿ ಬೆಂಬಲಿಗರು ಆ ಮತದಾರರನ್ನು ಬೆದರಿಸಿದರು, ಕೊಂದರು. ಹ್ಯಾಂಪ್ಟನ್ ತನ್ನ ಭಾಷಣಗಳಲ್ಲಿ ಕಪ್ಪು ಜನರ ಹಕ್ಕು ಕಾಯುವೆನೆಂದ. ಆತ ಗೆದ್ದದ್ದು ಆ ಬಂದೂಕುಗಳ ನೆರಳಿನಲ್ಲಿ. ಎರಡು ವರ್ಷ ರಾಜ್ಯಪಾಲ, 1879ರಿಂದ 1891ರವರೆಗೆ ಸೆನೆಟರ್. ಆತ ನಯವಂತನಾಗಿದ್ದ ಎಂದು ಹೊಗಳುವವರು ಯಾರ ವಿಷಯದಲ್ಲಿ ನಯ ಎಂಬುದನ್ನೂ ಹೇಳಬೇಕು.

ಶಸ್ತ್ರಚಿಕಿತ್ಸೆಯ ರಬ್ಬರ್ ಕೈಗವಸು ಈ ಮನೆತನದಿಂದ ಬಂತೇ?

ಬಂತು ಎನ್ನಬಹುದು, ಈ ಇಡೀ ವಂಶಾವಳಿಯಲ್ಲಿ ನನಗೆ ತೀರ ಇಷ್ಟವಾದ ಭಾಗ ಇದು. ಬ್ರ್ಯಾಂಡಿ ಸ್ಟೇಷನ್‌ನಲ್ಲಿ ಸತ್ತ ಫ್ರ್ಯಾಂಕ್‌ಗೆ 1861ರಲ್ಲಿ ಹುಟ್ಟಿದ ಕ್ಯಾರೊಲೈನ್ ಎಂಬ ಮಗಳಿದ್ದಳು. ತಾಯಿ ಅದಾಗಲೇ 1862ರಲ್ಲಿ ತೀರಿಕೊಂಡಿದ್ದಳು. ಎರಡು ವರ್ಷವೂ ತುಂಬದ ಆ ತಬ್ಬಲಿಯನ್ನು ಸಾಕಿದವರು ಮದುವೆಯಾಗದೆ ಉಳಿದ ಅದೇ ಸೋದರತ್ತೆಯರು.

ಮನೆಯವರ ಆಕ್ಷೇಪವನ್ನು ಲೆಕ್ಕಿಸದೆ ಕ್ಯಾರೊಲೈನ್ ನ್ಯೂಯಾರ್ಕ್‌ಗೆ ಹೋಗಿ ನರ್ಸಿಂಗ್ ಕಲಿತಳು. 1889ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್‌ನ ಕೋಣೆಯ ಮುಖ್ಯ ನರ್ಸ್ ಆದಳು. ಆಗ ಕೈಗಳನ್ನು ಕ್ರಿಮಿಶುದ್ಧಿಗಾಗಿ ಪಾದರಸದ ಕ್ಲೋರೈಡ್ ದ್ರಾವಣದಲ್ಲಿ ಅದ್ದುತ್ತಿದ್ದರು. ಅದರಿಂದ ಆಕೆಯ ಚರ್ಮವೆಲ್ಲ ಸುಲಿದು ಹುಣ್ಣಾಯಿತು. ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ಆಕೆಗಾಗಿ ತೆಳು ಕೈಗವಸು ಮಾಡಿಸಿದ. ರೋಗಿಗೆ ಸೋಂಕು ತಗುಲದಂತೆ ಎಲ್ಲರೂ ತೊಡುವ ರೂಢಿ ಬಂದದ್ದು ಆಮೇಲೆ. 1890ರಲ್ಲಿ ಇಬ್ಬರೂ ಮದುವೆಯಾದರು. 1922ರಲ್ಲಿ ಹಾಲ್‌ಸ್ಟೆಡ್ ತೀರಿಕೊಂಡ ಮೂರು ತಿಂಗಳೊಳಗೆ ಆಕೆಯೂ ಹೋದಳು.

ಹ್ಯಾಂಪ್ಟನ್ ವಿಶ್ವವಿದ್ಯಾಲಯ ಇವರದೇ? ಅಲಾಸ್ಕಾದಲ್ಲೂ ಇವರ ಹೆಸರಿತ್ತಂತೆ?

ವರ್ಜೀನಿಯಾದ ಆ ವಿಶ್ವವಿದ್ಯಾಲಯಕ್ಕೂ ಇವರಿಗೂ ಸಂಬಂಧವಿಲ್ಲ; ಅದಕ್ಕೆ ಅದು ಇರುವ ಊರಿನ ಹೆಸರು. ಅಲಾಸ್ಕಾದ ಮಾತು ನಿಜ. ಅಲ್ಲಿ ನ್ಯಾಯಾಧೀಶನಾಗಿದ್ದ ಮೂರನೇ ವೇಡ್‌ನ ಅಳಿಯ 1913ರಲ್ಲಿ ಒಂದು ಗಣಿ ಪ್ರದೇಶಕ್ಕೆ ಮಾವನ ಹೆಸರಿಟ್ಟ. ಯೂಪಿಕ್ ಎಂಬ ಮೂಲನಿವಾಸಿ ಜನರೇ ತುಂಬಿರುವ ಆ ನಾಡಿಗೆ, ಅದನ್ನು ಕಣ್ಣಿಂದ ಕಾಣದವನ ಹೆಸರು ಒಂದು ಶತಮಾನ ಅಂಟಿಕೊಂಡಿತ್ತು. 2015ರಲ್ಲಿ ಅದನ್ನು ತೆಗೆದು ಕುಸಿಲ್ವಾಕ್ ಎಂಬ ಸ್ಥಳೀಯ ಬೆಟ್ಟಗಳ ಹೆಸರಿಟ್ಟರು.

ಇವರ ಹತ್ತಿಗೂ ಧಾರವಾಡದ ಹತ್ತಿಗೂ ನಂಟಿದೆಯೇ?

ಈ ಮನೆತನದ ಜೊತೆಗಲ್ಲ, ಆ ಹತ್ತಿಯ ಜೊತೆಗೆ ಇದೆ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಪ್ಲಾಂಟರ್‌ಗಳನ್ನೂ ನ್ಯೂ ಆರ್ಲಿಯನ್ಸ್ ತಳಿಯ ಬೀಜವನ್ನೂ ಜಿನ್ನಿಂಗ್ ಯಂತ್ರಗಳನ್ನೂ ತರಿಸಿತು. ಹೆಚ್ಚಿನ ಕಡೆ ಆ ಪ್ರಯೋಗ ಸೋತಿತು, ಧಾರವಾಡ ಜಿಲ್ಲೆಯ ಎರೆ ನೆಲದಲ್ಲಿ ಹಿಡಿಯಿತು. ‘ಧಾರವಾಡ ಅಮೆರಿಕನ್’ ಎಂದೇ ಅದಕ್ಕೆ ಮಾರುಕಟ್ಟೆಯ ಹೆಸರು. ಅಂತರ್ಯುದ್ಧದಲ್ಲಿ ಅಮೆರಿಕದ ಹತ್ತಿ ನಿಂತಾಗ ನಮ್ಮ ಕಡೆಯ ಹತ್ತಿಗೆ ಚಿನ್ನದ ಬೆಲೆ ಬಂದದ್ದು ಅದರ ಮುಂದುವರಿಕೆ.

ಹ್ಯಾಂಪ್ಟನ್ ತೋಟಗಳಲ್ಲಿ ದುಡಿದವರ ವಂಶ ಹುಡುಕಲು ಸಾಧ್ಯವೇ?

ಸಾಧ್ಯ, ಆದರೆ ದಾರಿ ಕಡಿದು. ಒಡೆಯರ ಮನೆಯಲ್ಲಿ ಬೈಬಲ್‌ನ ಮೊದಲ ಪುಟಗಳಲ್ಲಿ ಹುಟ್ಟು, ಮದುವೆ, ಸಾವು ಬರೆದಿಡುತ್ತಿದ್ದರು. ದುಡಿದವರು ಕಾಣಿಸುವುದು ಉಯಿಲು, ಕ್ರಯಪತ್ರ, ಆಸ್ತಿಯ ಪಟ್ಟಿಗಳಲ್ಲಿ, ಎತ್ತು ಕುದುರೆಗಳ ಸಾಲಿನಲ್ಲಿ, ಹೆಸರಿನ ಎದುರು ಬೆಲೆಯೊಂದಿಗೆ. 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿಯಲ್ಲಿ ಅವರ ಹೆಸರೂ ಇಲ್ಲ. ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ, ಅಷ್ಟೇ. ನಮ್ಮ ಹೆಳವರಂತೆ ಮನೆಮನೆಗೆ ಬಂದು ಹಿರಿಯರ ಹೆಸರು ಹೇಳುವವರೂ ಇರಲಿಲ್ಲ.

ಹುಡುಕುವವರು 1870ರ ಜನಗಣತಿಯಿಂದ ಶುರು ಮಾಡುತ್ತಾರೆ. ಬಿಡುಗಡೆಯಾದವರೆಲ್ಲರ ಹೆಸರು ಮೊದಲ ಬಾರಿಗೆ ಬಂದದ್ದು ಅದರಲ್ಲಿ. ಅಲ್ಲಿಂದ ಹಿಂದಕ್ಕೆ, ಯುದ್ಧಾನಂತರ ಸರ್ಕಾರ ನಡೆಸಿದ ಫ್ರೀಡ್‌ಮೆನ್ಸ್ ಬ್ಯೂರೋದ ಕೂಲಿ ಕರಾರುಗಳು. ಬಿಡುಗಡೆಯಾದವರ ಬ್ಯಾಂಕಿನ ಖಾತೆ ಪುಸ್ತಕಗಳಲ್ಲಿ ಅಪ್ಪ, ಅಮ್ಮ, ಒಡಹುಟ್ಟಿದವರ ಹೆಸರು ಬರೆಸಿಕೊಳ್ಳುತ್ತಿದ್ದರು. ಆಮೇಲೆ ಒಡೆಯರ ಕಾಗದಪತ್ರ. ಹ್ಯಾಂಪ್ಟನ್ ಕುಟುಂಬದ ಪತ್ರಗಳು ಕೊಲಂಬಿಯಾದಲ್ಲಿ, ದಕ್ಷಿಣ ಕ್ಯಾರೊಲೈನಾ ವಿಶ್ವವಿದ್ಯಾಲಯದ ಸೌತ್ ಕ್ಯಾರೊಲಿನಿಯಾನಾ ಗ್ರಂಥಾಲಯದಲ್ಲಿವೆ. ಒಂದು ಎಚ್ಚರಿಕೆ: ಬಿಡುಗಡೆಯಾದವರೆಲ್ಲ ಕೊನೆಯ ಒಡೆಯನ ಅಡ್ಡಹೆಸರನ್ನೇ ಇಟ್ಟುಕೊಳ್ಳಲಿಲ್ಲ. ಹ್ಯಾಂಪ್ಟನ್ ಎಂಬ ಹೆಸರನ್ನೇ ಹಿಡಿದು ಹುಡುಕಿದರೆ ಅನೇಕರು ಕೈತಪ್ಪಿಹೋಗುತ್ತಾರೆ.

ಕೊಲಂಬಿಯಾಕ್ಕೆ ಹೋದರೆ ಏನು ನೋಡಬಹುದು?

ಟ್ರಿನಿಟಿ ಕ್ಯಾಥೆಡ್ರಲ್‌ನ ಅಂಗಳದಲ್ಲಿ ಮೂವರು ವೇಡ್‌ಗಳ ಸಮಾಧಿಗಳಿವೆ. ಎದುರು ರಾಜ್ಯದ ಶಾಸನಸಭೆಯ ಆವರಣದಲ್ಲಿ ಮೊಮ್ಮಗನ ಕುದುರೆ ಪ್ರತಿಮೆ, 1906ರದು. ಅಜ್ಜನು 1823ರಲ್ಲಿ ಕೊಂಡ ಹ್ಯಾಂಪ್ಟನ್-ಪ್ರೆಸ್ಟನ್ ಬಂಗಲೆ ಈಗ ವಸ್ತುಸಂಗ್ರಹಾಲಯ. ಅಲ್ಲಿಗೆ ಹೋದವರು ಮುಂಭಾಗದ ಕೋಣೆಗಳ ಪೀಠೋಪಕರಣ ನೋಡಿ ಹಿಂತಿರುಗದೆ, ಆ ಮನೆಯಲ್ಲಿ ಅಡುಗೆ ಮಾಡಿದವರು, ಬಟ್ಟೆ ಒಗೆದವರು, ತೋಟ ನೋಡಿಕೊಂಡವರು ಯಾರೆಂದು ಮಾರ್ಗದರ್ಶಿಯನ್ನು ಕೇಳಿ. ಊರ ಹೊರಗಿನ ಮಿಲ್‌ವುಡ್‌ನಲ್ಲಿ, ಮರಗಳ ನಡುವೆ, ಸುಟ್ಟ ಮನೆಯ ಕೆಲವು ಕಂಬಗಳು ಮಾತ್ರ ನಿಂತಿವೆ.